ಬೈಕ್ ಸೀಟ್ ಮೆತ್ತಗಿದ್ದರೆ ಸಾಲದು

ಬೈಕ್ ಕೊಳ್ಳುವಾಗ ಮೈಲೇಜ್ ಎಷ್ಟು ಅಂತ ಕೇಳ್ತೇವೆ. ಎಷ್ಟು ಸಿಸಿ, ಡಿಸ್ಕ್ ಬ್ರೇಕ್ ಇದೆಯಾ, ಯಾವ ಬಣ್ಣ ಸಿಗುತ್ತೆ, ಇಎಂಐ ಎಷ್ಟು ಬರುತ್ತೆ, ಎಲ್ಲ ಕೇಳ್ತೇವೆ. ಸೀಟನ್ನು ಮಾತ್ರ ಅಂಗೈಯಿಂದ ಒಮ್ಮೆ ಒತ್ತಿ ‘ಮೆತ್ತಗಿದೆ’ ಅಂದು ಸುಮ್ಮನಾಗ್ತೇವೆ. ಆ ಮೆತ್ತನೆಯ ಸೀಟ್ ಎಂಥದ್ದು ಅಂತ ಗೊತ್ತಾಗುವುದು ಐವತ್ತನೇ ಕಿಲೋಮೀಟರಿನಲ್ಲಿ!

ನನ್ನದು ಔಷಧ ಕಂಪನಿಯ ಪ್ರತಿನಿಧಿಯ ಕೆಲಸ. ಮನೆ ಕುಮಟಾದಲ್ಲಿ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಊರಿನ ಡಾಕ್ಟರುಗಳನ್ನು ಕಾಣಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾದಿಂದ ಭಟ್ಕಳಕ್ಕೆ ಸುಮಾರು 60 ಕಿ.ಮೀ. ಹೋಗಿ ಬಂದರೆ 120. ವಾರಕ್ಕೆ ಎರಡು ಸಲ ಅದು, ಉಳಿದ ದಿನ ಹೊನ್ನಾವರದ ಆಸುಪಾಸು. ಸೊಂಟ ಸರಿಯಿದ್ದರೆ ಮಾತ್ರ ಈ ಕೆಲಸ. ನನ್ನ ಜೊತೆಗೇ ಸೇರಿದ ಒಬ್ಬ ಗೆಳೆಯ ಸೊಂಟನೋವು ತಾಳಲಾರದೆ ಮೂರನೇ ವರ್ಷಕ್ಕೆ ಕೆಲಸ ಬಿಟ್ಟು ಅಂಗಡಿ ಹಾಕಿದ.

ಆದರೆ ನಾನು ಸೀಟಿನ ಹಿಂದೆ ಬಿದ್ದದ್ದು ನನ್ನ ಸಲುವಾಗಿ ಅಲ್ಲ, ಆಯಿ ಸಲುವಾಗಿ. ಆಯಿಯ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಭಟ್ಕಳಕ್ಕೆ ಮೊದಲು ಸಿಗುವ ಶಿರಾಲಿಯ ಹತ್ತಿರ ಇದ್ದಾರೆ. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಹೆದ್ದಾರಿಯಲ್ಲಿ ಬಸ್ ಇಳಿದರೆ ಮನೆಗೆ ಎರಡು ಕಿ.ಮೀ. ನಡೆಯಬೇಕು. ಆಯಿಯ ಮಂಡಿಗೆ ಅದು ಆಗದ ಮಾತು. ಹಾಗಾಗಿ ಭಾನುವಾರ ನನ್ನ ಬೈಕೇ ಗತಿ. ಕಳೆದ ಬೇಸಿಗೆಯಲ್ಲಿ ಒಂದು ದಿನ ಆಯಿ, “ತಮಾ, ಇನ್ನು ಬೈಕ್ ಬ್ಯಾಡ. ಅಕ್ಕನ ಹತ್ರ ಫೋನಲ್ಲೇ ಮಾತಾಡಿದ್ರೆ ಆಯ್ತು” ಅಂದಳು. ಶರಾವತಿ ಸೇತುವೆ ಬರುವಷ್ಟರಲ್ಲೇ ಬಾಲಮೂಳೆ ಉರಿಯುತ್ತೆ ಅಂತ ಆಮೇಲೆ ಬಾಯಿಬಿಟ್ಟಳು. ದೊಡ್ಡಮ್ಮನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಫೋನಿನಲ್ಲಿ ಮಾತು ಸಾಗುವುದಿಲ್ಲ. ಅದು ನನಗೂ ಗೊತ್ತು, ಆಯಿಗೂ ಗೊತ್ತು.

ನೋವು ಬರುವುದು ಎಲ್ಲಿಂದ?

ಗಟ್ಟಿ ಬೆಂಚಿನ ಮೇಲೆ ಅಂಗೈಗಳನ್ನು ಅಡಿಗಿಟ್ಟುಕೊಂಡು ಒಮ್ಮೆ ಕೂತು ನೋಡಿ. ಎರಡೂ ಕೈಗೆ ಒಂದೊಂದು ಮೂಳೆಯ ತುದಿ ಒತ್ತುತ್ತದೆ. ಕೂತಾಗ ಮೈಭಾರದ ಬಹುಪಾಲು ಬೀಳುವುದು ಈ ಎರಡು ತುದಿಗಳ ಮೇಲೆ. ಸೀಟಿನ ಫೋಮ್ ಮಾಡಬೇಕಾದ ಕೆಲಸ ಆ ಭಾರವನ್ನು ಸುತ್ತಲಿನ ಮಾಂಸಲ ಭಾಗಕ್ಕೆ, ತೊಡೆಗೆ ಹಂಚುವುದು.

ತೀರಾ ಮೆತ್ತಗಿನ ಫೋಮ್ ಈ ಕೆಲಸವನ್ನು ಸ್ವಲ್ಪ ಹೊತ್ತು ಮಾತ್ರ ಮಾಡುತ್ತೆ. ಮೂಳೆ ಇರುವಲ್ಲಿ ಅದು ಪೂರ್ತಿ ಕುಗ್ಗಿ ಅಡಿಯ ಪ್ಲೇಟಿಗೆ ಅಂಟಿಬಿಡುತ್ತೆ. ಆಮೇಲೆ ನಾವು ಕೂತಿರುವುದು ಫೋಮ್ ಮೇಲಲ್ಲ, ಪ್ಲೇಟಿನ ಮೇಲೆ. ಒತ್ತಡ ಬಿದ್ದ ಜಾಗದಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೊದಲು ಜೋಮು, ಆಮೇಲೆ ಉರಿ. ದಿನವಿಡೀ ವೀಲ್‌ಚೇರ್‌ನಲ್ಲಿ ಕೂರುವವರಿಗೆ ಒತ್ತುಹುಣ್ಣು ಆಗುವುದೂ ಇದೇ ಕಾರಣಕ್ಕೆ. ಅದನ್ನು ತಡೆಯಲು ಗಾಳಿ ತುಂಬಿದ ಪುಟ್ಟ ಪುಟ್ಟ ಗೂಡುಗಳ ಕುಶನ್ ಬಂತು. ಈಗ ಬೈಕಿಗೆ ಸಿಗುವ ಗಾಳಿ ಕುಶನ್‌ಗಳ ತತ್ವವೂ ಅದೇ.

ಇದರ ಜೊತೆಗೆ ಇನ್ನೂ ಕೆಲವು ಸಂಗತಿ ಸೇರಿಕೊಳ್ಳುತ್ತವೆ. ಸೀಟ್ ಟ್ಯಾಂಕ್ ಕಡೆಗೆ ಇಳಿಜಾರಾಗಿದ್ದರೆ ಪ್ರತಿ ಬ್ರೇಕಿಗೂ ಮುಂದೆ ಜಾರಿ, ಮತ್ತೆ ಹಿಂದೆ ಸರಿದು ಕೂರಬೇಕು. ಹಿಂದಿನ ಜೇಬಿನ ದಪ್ಪ ಪರ್ಸ್ ಸೊಂಟವನ್ನು ಒಂದು ಬದಿಗೆ ಎತ್ತಿ, ಕಾಲಿಗಿಳಿಯುವ ನರವನ್ನು ಒತ್ತಬಹುದು. ಬಿಗಿ ಜೀನ್ಸ್‌ನ ದಪ್ಪ ಹೊಲಿಗೆ ಸರಿಯಾಗಿ ಮೂಳೆಯ ಕೆಳಗೇ ಬರುತ್ತೆ. ನಮ್ಮ ಕರಾವಳಿಯ ಸೆಕೆಯಲ್ಲಿ ರೆಕ್ಸಿನ್ ಮೇಲೆ ಬೆವರು ನಿಂತರಂತೂ ಚರ್ಮವೂ ಕಿತ್ತುಕೊಳ್ಳುತ್ತೆ.

ಕುಶನ್ ಅಂಗಡಿಯ ಪಾಠ

ಹೊನ್ನಾವರದಲ್ಲಿ ಆಟೋ, ಬೈಕ್ ಸೀಟ್ ಹೊಲಿಯುವ ಒಬ್ಬರ ಹತ್ತಿರ ಹೋದೆ. ಅವರು ಬೈಕ್ ಯಾವುದು ಅಂತ ಕೇಳುವ ಮೊದಲೇ ಮುಷ್ಟಿ ಕಟ್ಟಿ ಸೀಟಿನ ಮೇಲೆ ಜೋರಾಗಿ ಒತ್ತಿದರು. “ನೋಡಿ, ಅಡಿ ಪ್ಲೇಟ್ ಕೈಗೆ ಸಿಗ್ತದೆ. ಫೋಮ್ ಕೂತು ಹೋಗಿದೆ. ಇದರ ಮೇಲೆ ನೀವು ಎಂಥ ಕವರ್ ಹಾಕಿದ್ರೂ ಅಷ್ಟೇ” ಅಂದರು. ಒಳ್ಳೆ ಮೆತ್ತಗೆ ಮಾಡಿಕೊಡಿ ಅಂದದ್ದಕ್ಕೆ ನಕ್ಕರು. “ಎಂತ ಮಾರಾಯ್ರೇ, ಮೆತ್ತಗಿದ್ರೆ ಸುಖ ಅಂತ ಯಾರು ಹೇಳಿದ್ರು ನಿಮ್ಗೆ? ಅದು ಸೋಫಾಕ್ಕೆ!”

ಅವರು ಮಾಡಿದ್ದು ಇಷ್ಟು: ಕೂತುಹೋದ ಭಾಗವನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಫೋಮ್ ಚೂರುಗಳನ್ನು ಒತ್ತಿ ತಯಾರಿಸುವ ಗಟ್ಟಿ ರೀಬಾಂಡೆಡ್ ಫೋಮ್ ಅಂಟಿಸಿದರು. ಅದರ ಮೇಲೆ ತೆಳುವಾಗಿ ಮೆತ್ತನೆಯ ಪದರ. ಅಡಿಗೆ ಗಟ್ಟಿ, ಮೇಲಕ್ಕೆ ಮೆತ್ತಗೆ, ಇದೇ ಸೂತ್ರ. ಫೋಮ್ ಅಂಗಡಿಯಲ್ಲಿ 32, 40 ಅಂತ ಡೆನ್ಸಿಟಿ ಹೇಳ್ತಾರಲ್ಲ, ಅದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅನ್ನುವ ಲೆಕ್ಕ. ಡೆನ್ಸಿಟಿ ಹೆಚ್ಚಿದ್ದರೆ ಸಾಮಾನ್ಯವಾಗಿ ಬಾಳಿಕೆ ಹೆಚ್ಚು. ಆದರೆ ಎಷ್ಟು ಗಟ್ಟಿ ಅನ್ನುವುದು ಬೇರೆ ವಿಷಯ, ಅದನ್ನು ಕೂತೇ ನೋಡಬೇಕು. ಹೊಲಿಗೆ ಹಾಕುವ ಮೊದಲು ಬರೀ ಫೋಮ್ ಮೇಲೆ ಹತ್ತು ನಿಮಿಷ ಕೂತು ನೋಡಲು ಬಿಡುವ ಅಂಗಡಿಯನ್ನೇ ಹುಡುಕಿ. ನನಗೆ ಆದ ಖರ್ಚು ಒಂದು ಹೊಸ ಟೈರಿಗಿಂತ ಕಡಿಮೆ.

ಫೋಮ್ ಏರಿಸಿದಷ್ಟೂ ಸೀಟ್ ಎತ್ತರವಾಗುತ್ತೆ ಅನ್ನುವುದು ನೆನಪಿರಲಿ. ನಿಂತಾಗ ಎರಡೂ ಪಾದ ನೆಲಕ್ಕೆ ಸಿಗುತ್ತಾ ನೋಡಿಕೊಳ್ಳಿ. ಅಗಲ ಹೆಚ್ಚಿಸಿದರೂ ಕಾಲು ದೂರವಾಗಿ ನೆಲ ಎಟುಕುವುದು ಕಷ್ಟವಾಗುತ್ತದೆ.

ಹಿಂದೆ ಕೂರುವವರ ಕಷ್ಟ

ಓಡಿಸುವವರಿಗೆ ಹ್ಯಾಂಡಲ್ ಇದೆ, ಮುಂದಿನ ಗುಂಡಿ ಕಾಣುತ್ತೆ, ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಏಳಬಹುದು. ಹಿಂದಿನವರಿಗೆ ಗುಂಡಿ ಗೊತ್ತಾಗುವುದೇ ಬಿದ್ದ ಮೇಲೆ. ಸಾಲದ್ದಕ್ಕೆ ಅವರು ಕೂರುವುದು ಹೆಚ್ಚು ಕಡಿಮೆ ಹಿಂದಿನ ಚಕ್ರದ ಮೇಲೇ.

ಆಯಿ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುವುದು. ಎರಡೂ ಬದಿಗೆ ಕಾಲು ಹಾಕಿ ಕೂತರೆ ಭಾರ ಸಮನಾಗುತ್ತೆ, ಅದೇ ಸುರಕ್ಷಿತ ಕೂಡ. ಹೇಳಿ ನೋಡಿದೆ. “ಈ ವಯಸ್ಸಲ್ಲಿ ಚೂಡಿದಾರಾ?” ಅಂತ ಒಂದೇ ಮಾತಿನಲ್ಲಿ ಮುಗಿಸಿದಳು. ಸರಿ, ಇದ್ದದ್ದರಲ್ಲೇ ದಾರಿ ಹುಡುಕಬೇಕಾಯಿತು.

ಕುಶನ್‌ನವರು ಹಿಂದಿನ ಸೀಟಿನ ಇಳಿಜಾರು ತೆಗೆದು ಮಟ್ಟ ಮಾಡಿದರು, ಎಡ ಅಂಚನ್ನು ತುಸು ಅಗಲಿಸಿ ದುಂಡಗೆ ಮಾಡಿದರು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಸೀರೆ ಗಾರ್ಡಿನ ಕೆಳಗೆ ಪಾದ ಪೂರ್ತಿ ಊರುವ ಅಗಲ ಪಟ್ಟಿ. ಮೊದಲು ಆಯಿಯ ಒಂದು ಪಾದಕ್ಕೆ ಮಾತ್ರ ಆಸರೆ ಇತ್ತು. ಕಾಲು ತೂಗಾಡಿದರೆ ಅದರ ಭಾರವೆಲ್ಲ ಸೀಟಿನ ಅಂಚಿಗೇ ಬೀಳುತ್ತೆ, ತೊಡೆ ಜೋಮು ಹಿಡಿಯುತ್ತೆ. ಪಾದ ಊರಿದರೆ ಅರ್ಧ ಭಾರ ಅಲ್ಲೇ ಇಳಿದಂತೆ.

ಅಂದಹಾಗೆ, ಚಂದ ಕಾಣಲಿ ಅಂತ ಸೀರೆ ಗಾರ್ಡ್, ಹಿಂದಿನ ಹಿಡಿ ಬಿಚ್ಚಿಸುವವರಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರುವವರಿಗೆ ಹಿಡಿ, ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಲೇಬೇಕು.

ದುಡ್ಡಿಲ್ಲದೆ ಆಗುವ ಕೆಲಸ

ಸೀಟ್ ಬಿಚ್ಚಿಸುವ ಮೊದಲು ಇವನ್ನು ಮಾಡಿ ನೋಡಿ.

• ಪರ್ಸ್, ಮೊಬೈಲ್ ಹಿಂದಿನ ಜೇಬಿನಿಂದ ತೆಗೆದು ಬ್ಯಾಗಿಗೆ ಹಾಕಿ.

• ಟೈರ್ ಗಾಳಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಬೈಕಿನ ಪುಸ್ತಕದಲ್ಲಿ ಬೇರೆ ಬೇರೆ ಇರುತ್ತೆ. ಅದರಂತೆ ಹಾಕಿಸಿ.

• ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿತವನ್ನು ಬಹಳಷ್ಟು ಬೈಕ್‌ಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಇಬ್ಬರು ಕೂತಾಗ ಅದು ಅಡಿ ಹೊಡೆಯುತ್ತಿದ್ದರೆ ಒಂದೆರಡು ಹಂತ ಬಿಗಿ ಮಾಡಿಸಿ.

• ನೋವು ಶುರುವಾಗುವ ಮೊದಲೇ ಇಳಿಯಿರಿ. ನಾನು ಮತ್ತು ಆಯಿ ಈಗ ಸೇತುವೆ ದಾಟಿ ಕಾಸರಕೋಡಿನಲ್ಲಿ ಒಮ್ಮೆ, ಮುರ್ಡೇಶ್ವರ ಕ್ರಾಸಿನಲ್ಲಿ ಒಮ್ಮೆ ನಿಲ್ಲುತ್ತೇವೆ. ಐದು ನಿಮಿಷ ನಡೆದರೆ ಸಾಕು, ರಕ್ತ ಮತ್ತೆ ಹರಿಯುತ್ತೆ.

ಅಮೆರಿಕದಲ್ಲಿ ಐರನ್ ಬಟ್ ಅಸೋಸಿಯೇಷನ್ ಅಂತ ಒಂದು ಸಂಘ ಇದೆ. ಹೆಸರಿನ ಅರ್ಥವೇ ಕಬ್ಬಿಣದ ಪೃಷ್ಠ! 24 ಗಂಟೆಯಲ್ಲಿ 1000 ಮೈಲಿ, ಅಂದರೆ ಸುಮಾರು 1600 ಕಿ.ಮೀ. ಓಡಿಸಿದವರಿಗೆ ಅವರು ಪ್ರಮಾಣಪತ್ರ ಕೊಡ್ತಾರೆ. ಅಷ್ಟು ದೂರ ಹೋಗುವವರಲ್ಲೂ ಕುರಿಯ ಉಣ್ಣೆಯ ಹೊದಿಕೆ, ನಮ್ಮ ಟ್ಯಾಕ್ಸಿಗಳಲ್ಲಿ ಕಾಣುವಂಥ ಮರದ ಮಣಿಗಳ ಹಾಸು ಬಳಸುವವರಿದ್ದಾರೆ. ಎರಡೂ ಮಾಡುವುದು ಒಂದೇ: ಮೈಗೂ ಸೀಟಿಗೂ ನಡುವೆ ಗಾಳಿ ಆಡಿಸುವುದು. ಜೆಲ್ ಪ್ಯಾಡ್ ಕೊಳ್ಳುವವರು ಬಿಸಿಲಿನಲ್ಲಿ ನಿಲ್ಲಿಸಿದರೆ ಅದು ಕಾಯುತ್ತೆ ಅನ್ನುವುದನ್ನು ಗಮನದಲ್ಲಿಡಿ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಕೂತರೆ ಕಾವಲಿ ಮೇಲೆ ಕೂತಂತೆ.

ಮಳೆಗಾಲದ ಲೆಕ್ಕ

ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಫೋಮ್ ಒಳಗೆ ಒಮ್ಮೆ ನೀರು ಹೊಕ್ಕರೆ ಕೂತಾಗಲೆಲ್ಲ ಬಟ್ಟೆ ಒದ್ದೆ, ಆಮೇಲೆ ಬೂಷ್ಟು ವಾಸನೆ. ಹೊಸ ಕವರ್ ಹೊಲಿಸುವಾಗ ಎರಡು ಮಾತು ಮೊದಲೇ ಹೇಳಿ: ಕೂರುವ ಜಾಗದಲ್ಲಿ ಹೊಲಿಗೆ ಬೇಡ, ರೆಕ್ಸಿನ್ ಕೆಳಗೆ ಪ್ಲಾಸ್ಟಿಕ್ ಹಾಳೆ ಬೇಕು. ಕಡಲ ಗಾಳಿಗೆ ಪಿನ್ನುಗಳು ತುಕ್ಕು ಹಿಡಿದು ಕವರ್ ಬಿಟ್ಟುಕೊಳ್ಳುತ್ತೆ. ಮಳೆಗಾಲ ಶುರುವಾಗುವ ಮೊದಲು ಸೀಟ್ ತಿರುಗಿಸಿ ಒಮ್ಮೆ ನೋಡಿ.

ಸೀಟಿನಿಂದ ಆಗದ ಕೆಲಸವೂ ಇದೆ. ಬೈಕ್ ಇಳಿದು ಗಂಟೆಗಳಾದರೂ ಜೋಮು ಹೋಗದಿದ್ದರೆ, ನೋವು ಕಾಲಿನುದ್ದಕ್ಕೂ ಇಳಿದರೆ ಕುಶನ್ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ. ಕಾಲಿನ ಶಕ್ತಿ ಕುಂದಿದರೆ, ತೊಡೆ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೋಗಬೇಕು. ಆಯಿಯನ್ನೂ ಮೊದಲು ತೋರಿಸಿಯೇ ಬೈಕ್ ಹತ್ತಿಸಿದ್ದು.

ಈಗ ತಿಂಗಳಿಗೆ ಮೂರು ಭಾನುವಾರವಾದರೂ ಶಿರಾಲಿಗೆ ಹೋಗುತ್ತೇವೆ. ನೋವು ಪೂರ್ತಿ ಹೋಗಿಲ್ಲ, ವಾಪಸ್ ಬರುವಾಗ ಹಳದೀಪುರ ದಾಟಿದ ಮೇಲೆ ಆಯಿ ಒಮ್ಮೆ ಸರಿದು ಕೂರುತ್ತಾಳೆ. ಆದರೆ ಬೈಕ್ ಬೇಡ ಅನ್ನುವುದಿಲ್ಲ. ಅಕ್ಕ ತಂಗಿ ಇಬ್ಬರೂ ಎರಡು ತಾಸು ಕೈ ಹಿಡಿದು ಕೂರುತ್ತಾರೆ. ಕಿವಿ ಕೇಳದಿದ್ದರೂ ಅವರ ಮಾತಿಗೆ ಏನೂ ಕೊರತೆಯಿಲ್ಲ.

ನಿಮ್ಮ ಹಿಂದೆಯೂ ಯಾರೋ ಕೂರುತ್ತಾರೆ. ಹೆಂಡತಿಯೋ, ಅಪ್ಪನೋ, ಗೆಳತಿಯೋ. ಅವರಾಗಿಯೇ ನೋವು ಹೇಳುವುದು ಕಡಿಮೆ. ಈ ಸಲ ಇಳಿದಾಗ ನೀವೇ ಕೇಳಿ ನೋಡಿ: “ಎಲ್ಲಿಂದ ನೋಯಲಿಕ್ಕೆ ಶುರುವಾಯ್ತು?” ಅವರು ಹೇಳುವ ಊರಿಗಿಂತ ಒಂದು ಊರು ಮೊದಲೇ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಕುಶನ್ ಅಂಗಡಿಯಲ್ಲಿ.