ಮೀಸೆ ಮಣ್ಣಾಗದ ಜಟ್ಟಿ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ನಮ್ಮ ಗಾದೆಯನ್ನು ಸೋತವರ ಜಂಬವನ್ನು ಹಂಗಿಸುವುದಕ್ಕಲ್ಲದೆ ಬೇರೊಂದಕ್ಕೆ ಬಳಸಿದುದನ್ನು ನಾನರಿಯೆ. ಆದರೆ ಹೋದ ವಾರ ಹಳೆಯ ವರದಿಯೊಂದರ ಪುಟ ಮಗುಚುತ್ತಿದ್ದಾಗ ಕಣ್ಣಿಗೆ ಬಿದ್ದ ಛಾಯಾಚಿತ್ರವೊಂದು ಅದನ್ನು ಅಕ್ಷರಶಃ ನಿಜಮಾಡಿ ತೋರಿಸಿತು. ಆ ಚಿತ್ರದಲ್ಲಿ, ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ತೀರದಾಚೆ, ಕಡಲ ತಳದ ಹೂಳಿನ ಮೇಲೆ, ಸ್ನ್ಯಾಪ್-19 ಎಂಬ ಪರಮಾಣು ವಿದ್ಯುಜ್ಜನಕವು ಯಾರೋ ಮರೆತು ಬಿಟ್ಟುಹೋದ ಕೊಡದಂತೆ ಸುಮ್ಮನೆ ಬಿದ್ದಿದೆ.

1968ರ ಮೇ 18ರಂದು ನಿಂಬಸ್ ಎಂಬ ಹವಾಮಾನ ಉಪಗ್ರಹವನ್ನು ಹೊತ್ತು ವ್ಯಾಂಡನ್‌ಬರ್ಗ್‌ನಿಂದ ಎದ್ದ ರಾಕೆಟ್ಟು ದಾರಿ ತಪ್ಪಲು, ನೆಲದ ಮೇಲಿದ್ದವರೇ ಅದನ್ನು ಆಕಾಶದಲ್ಲಿ ಸಿಡಿಸಿದರು. ಉಪಗ್ರಹದಲ್ಲಿದ್ದ ಈ ವಿದ್ಯುಜ್ಜನಕದ ಪ್ಲುಟೋನಿಯಂ ತುಂಬಿದ ಕೋಶಗಳು ಮಾತ್ರ ಆ ಸ್ಫೋಟವನ್ನೂ ಪತನವನ್ನೂ ಸೈರಿಸಿ, ಸುಮಾರು ಐದು ತಿಂಗಳು ಉಪ್ಪುನೀರಿನಲ್ಲಿದ್ದು, ಇಡಿಯಾಗಿ ಮೇಲೆ ಬಂದುವು. ಅಷ್ಟೇ ಅಲ್ಲ, ಅವುಗಳೊಳಗಿನ ಇಂಧನವೇ 1969ರ ಏಪ್ರಿಲಿನಲ್ಲಿ ನಿಂಬಸ್-3ರೊಡನೆ ಕಕ್ಷೆ ಸೇರಿತು! ಕಡಲಿಗೆ ಬಿದ್ದ ಸೌದೆಯನ್ನೇ ಒಣಗಿಸಿ ಒಲೆಗಿಟ್ಟ ಆ ಗೃಹಿಣೀಬುದ್ಧಿಯನ್ನು ನೆನೆದಾಗಲೆಲ್ಲ ನನಗೆ ನಗುವೂ ಗೌರವವೂ ಒಟ್ಟಿಗೇ ಬರುತ್ತವೆ.

ಬಿದ್ದರೂ ಒಡೆಯದಂತೆ ಕಟ್ಟುವ ಈ ಜಾಣ್ಮೆ ಪುಕ್ಕಟೆಯಾಗಿ ದೊರೆತುದಲ್ಲ. 1964ರಲ್ಲಿ ಕಕ್ಷೆ ಸೇರದೆ ಮರಳಿದ ಸ್ನ್ಯಾಪ್-9ಎ ಎಂಬ ಇಂತಹುದೇ ವಿದ್ಯುಜ್ಜನಕದಲ್ಲಿದ್ದ ಸುಮಾರು 1 ಕಿಲೋಗ್ರಾಂ ಪ್ಲುಟೋನಿಯಂ, ಹಿಂದೂ ಮಹಾಸಾಗರದ ಮೇಲೆ ಉರಿದು ಗಾಳಿಯಲ್ಲಿ ಬೆರೆಯಿತು; ಬಿದ್ದರೆ ಮೇಲೆಯೇ ಉರಿದು ಚದುರಲೆಂಬುದೇ ಆಗಿನ ನಿರ್ಮಾತೃಗಳ ಸಂಕಲ್ಪವಾಗಿತ್ತು! ಬಳಿಕ ಆ ನೀತಿ ತಲೆಕೆಳಗಾಯಿತು. ಮಂಗಳನ ಮೇಲಿನ ಕ್ಯೂರಿಯಾಸಿಟಿ ಎಂಬ ಸಂಚಾರಿ ಯಂತ್ರದ ವಿದ್ಯುಜ್ಜನಕದಲ್ಲಿ ತಲಾ ಸುಮಾರು 150 ಗ್ರಾಂ ತೂಗುವ 32 ಇಂಧನದ ಗುಳಿಗೆಗಳಿವೆ: ಒಡೆದರೂ ಉಸಿರಿಗೆ ಸೇರುವ ಧೂಳಾಗದೆ ಹೆಂಟೆಗಳಾಗಲೆಂದು ಪಿಂಗಾಣಿಯಂತೆ ಸುಟ್ಟವು, ಇರಿಡಿಯಂ ಕವಚ ತೊಟ್ಟವು, ಅದರ ಮೇಲೆ ಗ್ರಾಫೈಟಿನ ಚಿಪ್ಪು ಹೊದ್ದವು. ಇಂತಹವನ್ನು ಉಕ್ಕಿಗೂ ಕಾಂಕ್ರೀಟಿಗೂ ಅಪ್ಪಳಿಸಿ, ರಾಕೆಟ್ ಇಂಧನದ ಬೆಂಕಿಯಲ್ಲಿ ಬೇಯಿಸಿ ಪರೀಕ್ಷಿಸುತ್ತಾರೆ. ಇಷ್ಟೆಲ್ಲ ಆದಮೇಲೆ ದೊರಕುವ ವಿದ್ಯುತ್ತು ಆರಂಭದಲ್ಲಿ ಸುಮಾರು 110 ವಾಟ್, ಹಳೆಯ ಕಾಲದ ಅರವತ್ತರ ಎರಡು ಬಲ್ಬಿಗೂ ಸಾಲದು.

ನಮ್ಮ ಚಂದ್ರಯಾನ-3ರ ನೋದಕ ಘಟಕವೂ ಒಂದೊಂದು ವಾಟಿನ ಎರಡು ಪರಮಾಣು ತಾಪಕಗಳನ್ನು ಹೊತ್ತಿತ್ತೆಂದು ತಿಳಿದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅಪಾಯವಿಲ್ಲವೆಂಬ ಅಧಿಕೃತ ಆಶ್ವಾಸನೆಗಳಲ್ಲಿ ನನಗೆ ನಂಬುಗೆ ಕಡಮೆ. ಇಂತಹ ಯಂತ್ರ ಎಷ್ಟು ಎತ್ತರಕ್ಕೆ ಹಾರಿತೆಂದು ಎಲ್ಲರೂ ಕೇಳುತ್ತಾರೆ. ನಾನು ಮಾತ್ರ, ಆ ಹೂಳಿನ ಮೇಲಿನ ಕೊಡವನ್ನು ಕಂಡಂದಿನಿಂದ, ಅದು ಹೇಗೆ ಬಿದ್ದೀತೆಂದು ಮೊದಲು ವಿಚಾರಿಸುವೆ.