ಆಳಿನ ಆರೋಗ್ಯ, ತೋಟದ ಆದಾಯ

ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು. ಕಾಸರಗೋಡು ಸೀಮೆಯ ನಮ್ಮ ಮನೆಗಳಲ್ಲಿ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ ಇದು. ಆದರೆ ನಮ್ಮದೇ ಗುಡ್ಡೆಯಲ್ಲಿ ಬೆಳಿಗ್ಗೆಯಿಂದ ಹಾರೆ ಹಿಡಿದು ನಿಂತ ಆಳಿಗೆ ಎಷ್ಟು ಹೊತ್ತಿಗೊಮ್ಮೆ ನೀರು ಸಿಗುತ್ತದೆ? ದಯೆಯ ಮಾತು ಸದ್ಯಕ್ಕೆ ಬದಿಗಿರಲಿ. ಈ ಸಲ ಬರೀ ಲಾಭನಷ್ಟದ ಲೆಕ್ಕ ಹಾಕಿ ನೋಡೋಣ.

ಈ ಪಾಠ ನಾವು ಕಲಿತದ್ದು ನಷ್ಟದಿಂದಲೇ. ಕೆಲವು ವರ್ಷಗಳ ಹಿಂದೆ ಒಂದು ಮಾರ್ಚ್ ತಿಂಗಳಲ್ಲಿ ನಮ್ಮ ಮುರಕಲ್ಲಿನ ಗುಡ್ಡೆಯಲ್ಲಿ ಗೇರು ಸಸಿಗಳಿಗೆ ಗುಂಡಿ ತೆಗೆಸುತ್ತಿದ್ದೆವು. ಗುಂಡಿಯ ಲೆಕ್ಕದಲ್ಲಿ ಕೂಲಿ. ನೀರಿನ ಕೊಡ ಇದ್ದದ್ದು ಕೆಳಗೆ ಮನೆಯ ಜಗಲಿಯಲ್ಲಿ. ಇಳಿದು ಹತ್ತಿದರೆ ಒಂದು ಗುಂಡಿಯ ಹೊತ್ತು ಹೋಗುತ್ತದೆಂದು ಯಾರೂ ಇಳಿಯುತ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಒಬ್ಬರು ತಲೆ ತಿರುಗಿ ತಾವೇ ತೋಡಿದ ಗುಂಡಿಯ ಅಂಚಿನಲ್ಲಿ ಬಿದ್ದರು. ಜೀಪು, ಆಸ್ಪತ್ರೆ, ಡ್ರಿಪ್ಪು. ಅವರು ಚೇತರಿಸಿಕೊಂಡರು, ದೇವರು ದೊಡ್ಡವನು. ಆದರೆ ಅವರಿಗೆ ಒಂದು ವಾರದ ಕೂಲಿ ಹೋಯಿತು, ನಮಗೆ ಆಸ್ಪತ್ರೆಯ ಖರ್ಚು ಬಂತು, ಜೊತೆಯವರು ಬೇರೆ ತೋಟ ಹಿಡಿದರು. ಮಳೆಗೆ ಮೊದಲು ಗುಂಡಿಗಳು ಮುಗಿಯಲೇ ಇಲ್ಲ. ಒಂದು ಕೊಡ ನೀರನ್ನು ಗುಡ್ಡೆಯ ಮೇಲೆ ಇರಿಸದೆ ಹೋದದ್ದಕ್ಕೆ ನಾವು ತೆತ್ತ ಬೆಲೆ ಇದು.

ಬಿಸಿಲಲ್ಲಿ ದುಡಿಯುವ ದೇಹ ಬೆವರು ಆರುವುದರಿಂದ ತಣಿಯುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಬೇಗ ಆರುವುದಿಲ್ಲ. ಹೋದ ನೀರು ಮರಳಿ ಸಿಗದಿದ್ದರೆ ರಕ್ತದ ಪ್ರಮಾಣ ಕುಗ್ಗುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಕೈ ತಾನಾಗಿ ನಿಧಾನವಾಗುತ್ತದೆ, ಲಕ್ಷ್ಯ ತಪ್ಪುತ್ತದೆ. ಅಡಿಕೆ ಮರ ಏರಿದವನ ಲಕ್ಷ್ಯ ತಪ್ಪಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದಲ್ಲಿ ಕಬ್ಬು ಕಡಿಯುವ ಅನೇಕ ಕೂಲಿಗಳು ಎಳೆಯ ಪ್ರಾಯದಲ್ಲೇ ಮೂತ್ರಪಿಂಡದ ಕಾಯಿಲೆಗೆ ತುತ್ತಾಗುತ್ತಿದ್ದರು. ಅತಿಯಾದ ಬಿಸಿಲಲ್ಲಿ ನೀರಿಲ್ಲದೆ ದುಡಿಯುವುದು ಇದರ ಒಂದು ಮುಖ್ಯ ಕಾರಣವೆಂದು ವೈದ್ಯರು ಭಾವಿಸುತ್ತಾರೆ. 2014–15ರ ಕಟಾವಿನಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು. ಗದ್ದೆಗೇ ನೀರು, ಹೊತ್ತೊಯ್ಯಬಹುದಾದ ನೆರಳಿನ ಡೇರೆ, ಗೊತ್ತುಪಡಿಸಿದ ವಿಶ್ರಾಂತಿ, ಜೊತೆಗೆ ಕೈಗೆ ಹಿತವಾದ ಹೊಸ ಬಗೆಯ ಕತ್ತಿ. ವಿಶ್ರಾಂತಿ ಕೊಟ್ಟರೆ ಕೆಲಸ ಕುಂಠಿತವಾಗುತ್ತದೆ ಎಂಬ ಭಯ ಸಹಜ. ಆದದ್ದು ಬೇರೆ. ಒಬ್ಬಾತ ದಿನಕ್ಕೆ ಕಡಿಯುವ ಕಬ್ಬು 5.1 ಟನ್ನಿನಿಂದ 7.3 ಟನ್ನಿನವರೆಗೆ ಏರಿತು. ಕತ್ತಿಯ ಪಾಲೂ ಇದರಲ್ಲಿದೆ, ನಿಜ. ಆದರೆ ನೆರಳಿನಲ್ಲಿ ಕೂತ ಹೊತ್ತು ದಂಡವಾಗಲಿಲ್ಲ ಎಂಬುದಂತೂ ಸ್ಪಷ್ಟ.

ಇನ್ನೊಂದು ಉದಾಹರಣೆ ರಬ್ಬರ್ ತೋಟದ್ದು. 1970ರ ದಶಕದಲ್ಲಿ ಇಂಡೋನೇಷ್ಯಾದಲ್ಲಿ ಟ್ಯಾಪಿಂಗ್ ಮಾಡುವ ಗಂಡಸರ ರಕ್ತ ಪರೀಕ್ಷಿಸಿದಾಗ, ರಕ್ತಹೀನತೆ ಇದ್ದವರು ಉಳಿದವರಿಗಿಂತ ಕಡಿಮೆ ಹಾಲು ತರುತ್ತಿದ್ದುದು ಕಂಡುಬಂತು. 60 ದಿನ ಕಬ್ಬಿಣಾಂಶ ಕೊಟ್ಟ ಮೇಲೆ ಅವರ ದುಡಿಮೆ ಹೆಚ್ಚುಕಡಿಮೆ ಇತರರ ಸಮಕ್ಕೆ ಬಂತು. ಅವರು ಸೋಮಾರಿಗಳಾಗಿರಲಿಲ್ಲ, ರಕ್ತ ಕಡಿಮೆಯಿತ್ತು ಅಷ್ಟೆ. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅಡಿಕೆ ಸುಲಿಯಲು, ಸೊಪ್ಪು ಹೊರಲು ಬರುವ ಅಕ್ಕಂದಿರು, ನಮ್ಮ ಮನೆಯ ತಾಯಂದಿರು ಈ ಲೆಕ್ಕದಲ್ಲೇ ಇದ್ದಾರೆ. "ಈಗಿನವರಿಗೆ ಕೆಲಸ ಆಗುವುದಿಲ್ಲ" ಎಂದು ದೂರುವ ಮೊದಲು ಇದನ್ನು ನೆನೆಯೋಣ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಖರ್ಚಿನದ್ದು ಯಾವುದೂ ಇಲ್ಲ.

ನೀರು ಕೆಲಸದ ಜಾಗದಲ್ಲೇ ಇರಲಿ. ಬಾಯಾರುವ ತನಕ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಲಿ. ನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಗಂಜಿ ತಿಳಿ ಒಳ್ಳೆಯದು. ಮರದ ನೆರಳು ಇಲ್ಲದಲ್ಲಿ ಸೋಗೆಯ ಒಂದು ಚಪ್ಪರ ಸಾಕು.

ಕಡುಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಆರಂಭಿಸಿ. ಹೊರಗೆ ಬಿಸಿಲಲ್ಲಿ ದುಡಿಯುವವರಿಗೆ 12ರಿಂದ 3 ಗಂಟೆಯವರೆಗೆ ವಿಶ್ರಾಂತಿ ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಗಳಲ್ಲಿ ಆದೇಶ ಹೊರಡಿಸುತ್ತ ಬಂದಿದೆ. ಹೊಸದಾಗಿ ಬಂದವರಿಗೆ ಮೊದಲ ದಿನವೇ ಪೂರ್ತಿ ಬಿಸಿಲಿನ ಕೆಲಸ ಬೇಡ. ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ಬರಿಗಾಲಲ್ಲಿ ತೇವದ ಮಣ್ಣು ತುಳಿದರೆ ಕೊಕ್ಕೆಹುಳು ಒಳಹೋಗಿ ರಕ್ತ ಹೀರುತ್ತದೆ. ಚಪ್ಪಲಿ ಇರಲಿ. ಹೆಂಗಸರಿಗೂ ಗಂಡಸರಿಗೂ ಶೌಚಾಲಯ ತೆರೆದಿರಲಿ. ಊಟದ ಬೆನ್ನಿಗೇ ಚಹಾ ಕೊಡಬೇಡಿ, ಅದು ಕಬ್ಬಿಣಾಂಶವನ್ನು ದೇಹಕ್ಕೆ ಹಿಡಿಯಗೊಡುವುದಿಲ್ಲ. ಒಂದು ಗಂಟೆ ಕಳೆದು ಕೊಡಿ. ಊಟಕ್ಕೆ ನುಗ್ಗೆಸೊಪ್ಪು, ನೆಲ್ಲಿಕಾಯಿ, ಲಿಂಬೆ ಇರಲಿ. ಸುಸ್ತು, ಏದುಸಿರು ಇದ್ದವರನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ರಕ್ತ ಪರೀಕ್ಷೆ ಮಾಡಿಸಿ.

ಬಿಸಿಲಲ್ಲಿ ದುಡಿಯುವವರು ಮಾತು ತೊದಲಿದರೆ, ಗಲಿಬಿಲಿಗೊಂಡರೆ, ಪ್ರಜ್ಞೆ ತಪ್ಪಿದರೆ ಕೂಡಲೇ ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನಮ್ಮಲ್ಲಿ ಇಂದು ಆಳು ಕರೆಯುವವರೇ ನಾಳೆ ನೆರೆಯವರ ತೋಟಕ್ಕೆ ಆಳಾಗಿ ಹೋಗುವುದುಂಟು. ಆದ್ದರಿಂದ ಈ ಮಾತು ಎರಡು ಕಡೆಯವರಿಗೂ ಸಲ್ಲುತ್ತದೆ. ಮುಂದಿನ ವರ್ಷ ನಾವು ಗುಡ್ಡೆಯ ಮೇಲೆ ಚಪ್ಪರ ಕಟ್ಟಿ ಮಣ್ಣಿನ ಕೊಡ ಇಟ್ಟೆವು, ಗುಂಡಿಯ ಲೆಕ್ಕ ಬಿಟ್ಟು ದಿನಗೂಲಿ ಮಾಡಿದೆವು. ಗುಂಡಿಗಳು ಮಳೆಗೆ ಮೊದಲೇ ಮುಗಿದವು. ಅಂದು ಬಿದ್ದವರೂ ಕೆಲಸಕ್ಕೆ ಬಂದಿದ್ದರು. ಕೊಡದ ಪಕ್ಕದಲ್ಲಿ ಒಂದು ತಟ್ಟೆ ಬೆಲ್ಲವನ್ನೂ ಇಟ್ಟಿದ್ದೆವು.