ಪುಲಿಗೆರೆಯ ಆಚಾರವ್ಯವಸ್ಥೆ

ಚಾಳುಕ್ಯ ವಿಜಯಾದಿತ್ಯನ (696-733) ಆಳ್ವಿಕೆಯಲ್ಲಿ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ, ಎಂದರೆ ಈಗಣ ಗದಗ ಜಿಲ್ಲೆಯ ಲಕ್ಷ್ಮೇಶ್ವರದ, ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಕನ್ನಡ ಶಾಸನವನ್ನು ಸಾಮಾನ್ಯ ದಾನಶಾಸನಗಳ ಸಾಲಿಗೆ ಸೇರಿಸಲಾಗದು. ಇದರಲ್ಲಿ ಮೊದಲು ಕಟ್ಟಿಗೆ ಒಳಗಾಗುವವರು ರಾಜಪುರುಷರೇ. ಅರಸನ ದತ್ತಿಯನ್ನೂ ಹಿಂದಣ ತಾಮ್ರಶಾಸನಗಳನ್ನೂ ಪ್ರಜೆಗಳು ಅನುಭವಿಸುತ್ತ ಬಂದ ಸ್ವತ್ತನ್ನೂ ಅವರು ಕಾಪಾಡತಕ್ಕದ್ದು. ಪ್ರಜೆಗಳ ಹೊಣೆಯು ಆಮೇಲಿನ ಮಾತು: ಮನೆಯ ಅಂತಸ್ತಿಗೆ ತಕ್ಕ ತೆರಿಗೆಯನ್ನು ವರ್ಷವರ್ಷವೂ ವೈಶಾಖದಲ್ಲಿ ದೇಶಾಧಿಪತಿಗಳಿಗೆ ಸಲ್ಲಿಸಬೇಕು. ಇದನ್ನು ಪ್ರಜಾಪ್ರಭುತ್ವವೆಂದು ಕರೆಯುವುದು ಅಭಿಮಾನದ ಅತಿರೇಕವಷ್ಟೆ. ಕೊಟ್ಟ ಕೈ ಯುವರಾಜನದು. ಆದರೆ ಕಳವಿನ ದಂಡವೂ ಅಪುತ್ರಕರ ಸ್ವತ್ತೂ ಕಾರ್ತಿಕಮಾಸದಲ್ಲಿ ಅಲ್ಲಿಯ ಶ್ರೇಣಿಗೆ ಸಲ್ಲಬೇಕೆಂಬ ವಿಧಿಯನ್ನು ಕಡೆಗಣಿಸುವಂತಿಲ್ಲ. ವಾರಸುದಾರರು ಯಾರೂ ಇಲ್ಲದ ಬ್ರಾಹ್ಮಣೇತರರ ಸ್ವತ್ತು ಅರಸನಿಗೆಂಬುದು ಮನುಸ್ಮೃತಿಯ ಮತ. ಪೊರಿಗೆರೆಯಲ್ಲಿ ಆ ಆದಾಯವು ಅರಮನೆಯ ಭಂಡಾರವನ್ನು ಸೇರದೆ ಊರಿನಲ್ಲಿಯೇ ಉಳಿಯಿತು.